ಉಡಿ ತುಂಬಿದ ಖರ್ಚು

ಸಂಗಪ್ಪ ನಗುವಾಗಲೂ ಎಡಗಣ್ಣು ಮುಚ್ಚುತ್ತಿದ್ದ. ಕ್ಯಾಮೆರಾದಲ್ಲಿ ಕಣ್ಣಿಟ್ಟೂ ಇಟ್ಟೂ ಮುಖವೇ ಹಾಗಾಗಿಬಿಟ್ಟಿತ್ತು. ಇಳಕಲ್ಲಿನ ನೇಕಾರರ ಮನೆಯವನು. ಮಗ್ಗ ಬಿಟ್ಟು ಹಾಸ್ಯದ ನಾಟಕ ತಾನೇ ಬರೆದು, ತಾನೇ ಶೂಟ್ ಮಾಡಿ, ಸಿ.ಡಿ. ಮಾಡಿಸಿ ಬಸ್‌ಸ್ಟ್ಯಾಂಡುಗಳಲ್ಲಿ ಮಾರುತ್ತಿದ್ದ. ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ಬಾಗಲಕೋಟೆಯಲ್ಲಿ ನನ್ನದು ಇನ್‌ಕಮ್ ಟ್ಯಾಕ್ಸ್ ಪ್ರ್ಯಾಕ್ಟೀಸ್; ಅವನ ಲೆಕ್ಕ ನೋಡುತ್ತಿದ್ದವಳು ನಾನೇ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ನೀಟ್‌ನೆಸ್ ನನಗೆ. ಅವನ ಬಿಲ್ಲುಗಳಿಗೋ ಮಿರ್ಚಿ ಭಜಿಯ ಎಣ್ಣೆ.

“ಇದ್ಯಾವ ಬಿಸಿನೆಸ್ ಎಕ್ಸ್‌ಪೆನ್ಸೋ?” ಎಂದರೆ, “ಭಜಿ ತಿಂದ ಹೊರತು ನಮ್ಮ ಹೀರೋನ ಬಾಯಾಗ ಡೈಲಾಗ್ ಬರಂಗಿಲ್ರಿ ಅಕ್ಕಾರ. ಗಾಡಿಗೆ ಪೆಟ್ರೋಲ್ ಬರೀತೀರಿ, ಇವಂಗ ಭಜಿ ಬರೀರಿ” ಎನ್ನುತ್ತಿದ್ದ.

ಒಂದು ವರ್ಷ ಅವನ ರಿಟರ್ನ್ ಸ್ಕ್ರುಟಿನಿಗೆ ಬಂತು; ಲೆಕ್ಕ ಒಪ್ಪಿಸಲು ಇಬ್ಬರೂ ಟ್ಯಾಕ್ಸ್ ಆಫೀಸಿಗೆ ಹೋದೆವು. ಹಳೆಯ ಕ್ಯಾಮೆರಾ ಸೀನಿನ ನಡುವೆಯೇ ನಿಂತುಬಿಡುತ್ತಿತ್ತು. ಹೊಸ ಡಿಜಿಟಲ್ ಕ್ಯಾಮೆರಾಕ್ಕೆಂದು ಪಾಪ, ರೊಕ್ಕ ಕೂಡಿಟ್ಟಿದ್ದ. ಆಫೀಸರು ಮೈಸೂರು ಕಡೆಯ ಸಾಧು ಮನುಷ್ಯ.

“ಕಾಸ್ಟ್ಯೂಮ್ ಅಂತ ಇಷ್ಟೊಂದು ಸೀರೆ ತೋರಿಸಿದ್ದೀರಲ್ಲ, ಎಲ್ಲಿವೆ? ಮನೆಯವರು ಉಡ್ತಿದ್ದಾರಾ?”

“ಇಲ್ರಿ ಸಾಹೇಬ್ರ, ಪಾರ್ಟ್ ಮಾಡಿದ ಹೆಣ್ಮಕ್ಕಳ ಮನ್ಯಾಗ ಅದಾವ. ನಾಟಕದಾಗ ತಂಗಿಗಿ ಉಡಿ ತುಂಬೋ ಸೀನ್ ಇರತೈತಿ. ಸೀರಿ ಉಡಿಸಿ ಅಕ್ಕಿ, ಕೊಬ್ಬರಿ, ಕುಪ್ಪಸ ಎಲ್ಲಾ ಖರೇನ ತುಂಬತೀವಿ. ಸೀನ್ ಮುಗೀತು, ಸೀರಿ ಬಿಚ್ಚಿ ಕೊಡಬೇ ಅನ್ನಾಕ ಬರತೈತೇನ್ರಿ?”

ಆಫೀಸರು ನಕ್ಕೇಬಿಟ್ಟರು. ದಾರಿಯನ್ನೂ ಅವರೇ ತೋರಿಸಿದರು: ಸೀರೆಯನ್ನು ನಟನೆಯ ಸಂಭಾವನೆಯಾಗಿ ಪಡೆದೆವೆಂದು ಆ ಹೆಂಗಸರು ಸಹಿ ಮಾಡಿಕೊಟ್ಟರೆ ಖರ್ಚು ಒಪ್ಪಬಹುದು, ಇಲ್ಲದಿದ್ದರೆ ಅಷ್ಟಕ್ಕೂ ಟ್ಯಾಕ್ಸ್. ನನಗೆ ಖುಷಿಯೋ ಖುಷಿ. ಸಂಗಪ್ಪ ಮಾತ್ರ ಹೊರಗೆ ಬಂದವನೇ ತಲೆ ಅಲ್ಲಾಡಿಸಿದ.

“ಆಗಂಗಿಲ್ರಿ ಅಕ್ಕಾರ.”

“ಡೋಂಟ್ ಬಿ ಸಿಲ್ಲಿ! ಬರೀ ಒಂದು ಸಹಿ.”

“ತಂಗೀ ಅಂತ ಕರದು ಉಡಿ ತುಂಬೇನಿ. ಈಗ ಹೋಗಿ, ಕೂಲಿ ಮುಟ್ಟೇತಂತ ಬರಕೊಡು ಅನ್ನಲೇನ್ರಿ? ಕ್ಯಾಮೆರಾ ಹೋದ್ರ ಹೋಗ್ಲಿ ಬಿಡ್ರಿ.”

ಹೋಯಿತು. ಟ್ಯಾಕ್ಸ್ ಕಟ್ಟಿದ ಮೇಲೆ ಉಳಿದದ್ದರಲ್ಲಿ ಹಳೆಯ ಕ್ಯಾಮೆರಾಕ್ಕೇ ಒಂದು ಸ್ಟ್ಯಾಂಡ್ ಕೊಂಡ. “ಕ್ಯಾಮೆರಾ ನಿಂತ್ರೂ ಇನ್ನ ನೆಟ್ಟಗ ನಿಲ್ಲತೈತ್ರಿ” ಎಂದು ನಕ್ಕ.

ಈಗ ಸಂಗಪ್ಪನಿಲ್ಲ. ಕೊನೆಯ ಸಲ ಸಿಕ್ಕಿದ್ದು ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ. ಬಗಲಲ್ಲಿ ಹೊಸ ಸೀರೆಯ ಪೊಟ್ಟಣ. ಬಾದಾಮಿಗೆ ಶೂಟಿಂಗಿಗೆ ಹೊರಟಿದ್ದ.

“ಬಿಲ್ ತಗೊಂಡೀಯೇನೋ?”

“ತಗೊಂಡೇನ್ರಿ. ಆದ್ರ ಬಿಸಿನೆಸ್ಸಿನಾಗ ಹಾಕಬ್ಯಾಡ್ರಿ, ನಮ್ಮ ಮನಿ ಖರ್ಚಿನಾಗ ಬರೀರಿ. ತಂಗಿಗಿ ಸೀರಿ ಅಂತ.”

“ಬಾದಾಮಿಯಲ್ಲಿ ನಿನಗ್ಯಾವ ತಂಗಿಯೋ?”

“ಇನ್ನೂ ಇಲ್ರಿ. ಮಧ್ಯಾಹ್ನದೊಳಗ ಆಗತಾಳ್ರಿ” ಎಂದವನೇ ಓಡಿ ಬಸ್ಸು ಹತ್ತಿದ.