ಗೋಡೆ ಮುಟ್ಟಿ ನೋಡುತ್ತಿದ್ದ ಸಣ್ಣೇಗೌಡ ಮಾವ

ಸಣ್ಣೇಗೌಡ ಮಾವ ಯಾರ ಮನೆಗೆ ಹೋದರೂ ಕೂರುವ ಮುಂಚೆ ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದರು. ಮಗನಿಗೆ ಹೆಣ್ಣು ನೋಡಲು ಹಾನುಬಾಳಿಗೆ ಹೋದಾಗಲೂ ಅದನ್ನೇ ಮಾಡಿ, ಉಪ್ಪಿಟ್ಟು ಕೈಗೆ ಬರುವ ಮೊದಲೇ, "ನಿಮ್ಮ ಬೀರು ಹಿಂದೆ ಬೂಷ್ಟು ಹಿಡ್ದೈತೆ ಕಣ್ರೀ, ಒಂದು ಗೇಣು ಈಚೆಗೆ ಎಳ್ಕಳಿ" ಎಂದುಬಿಟ್ಟರು. ಸಂಬಂಧವೇನೋ ಕುದುರಿತು. ಬೀಗರು ಮಾತ್ರ ಇವತ್ತಿಗೂ ಅದನ್ನು ನೆನೆದು ಮೂಗು ಮುರಿಯುತ್ತಾರೆ.

ಅವರು ನನ್ನ ಗಂಡನ ಸೋದರಮಾವ. ವನಗೂರಿನ ಹತ್ತಿರ ಸಣ್ಣ ಕಾಫಿ ತೋಟ. ಮಾತು ಒರಟು, ಮನಸ್ಸು ಹೂವು ಎಂದೆಲ್ಲ ನಾನು ಹೇಳುವುದಿಲ್ಲ; ಮನಸ್ಸೂ ಒಮ್ಮೊಮ್ಮೆ ಒರಟೇ.

ಹೆತ್ತೂರಿನಲ್ಲಿ ನಾವು ಹೊಸ ಮನೆ ಕಟ್ಟಿದ ಮೊದಲ ಮಳೆಗಾಲದಲ್ಲೇ ಮಗಳು ಅನುಷಾಗೆ ಉಬ್ಬಸ ಶುರುವಾಯಿತು. ಅವಳ ಕೋಣೆಯ ಮೂಲೆಯಲ್ಲಿ ಕಪ್ಪು ಬೂಷ್ಟು; ಒರೆಸಿದಷ್ಟೂ ಮತ್ತೆ ಬರುತ್ತಿತ್ತು. ಡಾಕ್ಟರು ಔಷಧಿ ಕೊಟ್ಟು, ಕೋಣೆ ಒಣಗಿರಬೇಕು, ಆಗದಿದ್ದರೆ ಮಳೆ ಮುಗಿಯುವ ತನಕ ಬಯಲುಸೀಮೆಯಲ್ಲಿಡಿ ಎಂದರು. ಅರಸೀಕೆರೆಯ ನನ್ನ ತವರಿಗೆ ಕಳಿಸುವುದೆಂದಾಯಿತು. ಅವಳನ್ನು ಬಿಟ್ಟಿರುವುದು ನನ್ನಿಂದಾಗದ ಮಾತು. ಚೀಲಕ್ಕೆ ಬಟ್ಟೆ ತುಂಬುವುದು, ಅಳುವುದು, ಅಷ್ಟೇ ನನ್ನ ಕೆಲಸವಾಗಿತ್ತು.

ಆಗ ಮಾವ ಬಂದರು. ಮಗಳ ಮಂಚ ಹೊರಗೋಡೆಗೆ ಒತ್ತಿಕೊಂಡಿತ್ತು, ಮೇಲೆ ಹಗ್ಗದ ತುಂಬ ಒದ್ದೆ ಬಟ್ಟೆ. ಗಾಳಿಯಾಡಲಿ ಎಂದು ನಾನೇ ತೆಗೆದಿಟ್ಟ ಕಿಟಕಿಯಿಂದ ಮಂಜು ಒಳಗೆ ಬರುತ್ತಿತ್ತು. ಮಾವ ಗೋಡೆಗೆ ಅಂಗೈ ಒತ್ತಿ ನೋಡಿ ಪಕ್ಕದ ಕೋಣೆಗೆ ಹೋದರು. ಅದು ಒಲೆಯ ಶಾಖ ತಾಗುವ ಬೆಚ್ಚನೆಯ ಕೋಣೆ. ಅಲ್ಲಿ ನಮ್ಮ ಕಾಫಿ ಮೂಟೆಗಳು ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಬಂದ ಬೀಗರ ಹಾಗೆ ಮರ್ಯಾದೆಯಿಂದ ಕೂತಿದ್ದವು.

"ಕಾಫಿನ ಇಷ್ಟು ಚೆಂದಾಗಿ ಮಡಗಿದ್ದೀಯ. ಕೂಸ್ನ ಮಾತ್ರ ತಂಡಿ ಗೋಡೆಗೆ ಒರಗ್ಸಿದ್ದೀಯಲ್ಲ ಮಾರಾಯ್ತಿ?"

"ಕಾಫಿಗೆ ಬೂಷ್ಟು ಹಿಡಿದ್ರೆ ಯಾರು ತಗೋತಾರೆ ಮಾವ?" ಎಂದುಬಿಟ್ಟೆ. ನನ್ನ ಮಾತು ನನಗೇ ಚುಚ್ಚಿತು.

ಅವತ್ತೇ ಮೂಟೆಗಳು ಜೀಪಿನಲ್ಲಿ ಮಾವನ ತೋಟದ ಸ್ಟೋರಿಗೆ ಹೋದವು. ಆ ಜಾಗಕ್ಕೆ ಮಂಚ ಬಂತು. "ಬಟ್ಟೆನ ಸೌದೆ ಕೊಟ್ಟಿಗೇಲಿ ಒಣಗಾಕು. ಮಂಜಿದ್ದಾಗ ಕಿಟಕಿ ಮುಚ್ಚು, ಮಳೆ ಬಿಟ್ಟು ಹೊಳವಾದಾಗ ಎರಡು ಕಡೇನೂ ತೆಗ್ದುಬುಡು. ಅನ್ನ ಬೇಯೋವಾಗ ಅಡ್ಗೆಮನೆ ಫ್ಯಾನ್ ಹಾಕು, ಆವಿ ಈ ಕಡೆ ಬರಬಾರ್ದು. ಒಂದೆರಡು ವಾರ ನೋಡು. ಆಗ್ನಿಲ್ಲ ಅಂದ್ರೆ ನಾನೇ ಅರಸೀಕೆರೆಗೆ ಬುಟ್ಟು ಬತ್ತೀನಿ" ಎಂದರು.

ಔಷಧಿ ನಿಲ್ಲಿಸಲಿಲ್ಲ. ಕೋಣೆ ಒಣಗುತ್ತ ಬಂದಂತೆ ಅವಳ ಉಸಿರೂ ಹಗುರವಾಯಿತು. ಚೀಲದ ಬಟ್ಟೆ ಮತ್ತೆ ಬೀರು ಸೇರಿತು.

ಹೋದ ಆಷಾಢದಲ್ಲಿ ಮಾವ ಹಾಸನದ ಆಸ್ಪತ್ರೆಯಲ್ಲಿದ್ದರು. ನಾನು ನೋಡಲು ಹೋದ ದಿನ ಹೊರಗೆ ಜಡಿಮಳೆ. ಕಣ್ಣು ತೆರೆದು, "ಕೂಸು ಎಲ್ಲೈತೆ?" ಎಂದು ಕೇಳಿದರು.

"ಮನೇಲೇ ಅವ್ಳೆ ಮಾವ."

"ಈ ಮಳೇಲೂ?"

"ಈ ಮಳೇಲೂ."

"ಹಂಗಾದ್ರೆ ಇಲ್ಲಿ ಯಾಕೆ ಕೂತಿದ್ದೀಯ, ಹೊರಡು. ಕತ್ಲಾಗೋದ್ರೊಳಗೆ ಅವಳತ್ರ ಸೇರ್ಕೊ" ಎಂದರು.

ಅವರು ನನಗೆ ಹೇಳಿದ ಕೊನೆಯ ಮಾತು ಅದು.