ನನ್ನ ಹೆಸರಿನ ಹೆಂಗಸು

ಕಮಲಾಪುರದ ಆ ಮನೆಯಲ್ಲಿ ಸಮೀಕ್ಷೆಗೆಂದು ಹೆಸರು ಕೇಳಿದೆ. ಬಾಗಿಲಲ್ಲಿ ನಿಂತ ಹೆಂಗಸು ಹೇಳಿದ್ದು ನನ್ನದೇ ಹೆಸರು. ನಕ್ಕು, ಎಷ್ಟು ಓದಿದ್ದೀರಿ ಎಂದೆ.

“ಎಂ.ಎ. ಸಮಾಜಶಾಸ್ತ್ರ, ಅರ್ಧಕ್ಕ ಬಿಟ್ಟೀನಿ. ಹಾಕಿದ್ದ ರೊಕ್ಕ ಹೊಳ್ಳಿ ಬರಂಗಿಲ್ಲ ಅಂದ್ರು ನಮ್ಮಪ್ಪ.”

ನನ್ನ ಪೆನ್ನು ನಿಂತಿತು. ನಾನು ಓದುತ್ತಿರುವುದೂ ಅದನ್ನೇ. ಫೀಸು, ಬಸ್ಸಿನ ಖರ್ಚು, ಮುಂದೆ ಸಿಕ್ಕರೆ ಸಿಗುವ ಅತಿಥಿ ಉಪನ್ಯಾಸಕರ ಸಂಬಳ ಎಲ್ಲ ತೂಗಿ ನೋಡಿ, ಅಂದು ಬೆಳಿಗ್ಗೆ ಕಲಬುರಗಿಯ ಮನೆಯಲ್ಲಿ ನನ್ನ ಅಪ್ಪ ಅಂದದ್ದೂ ಅದೇ ಮಾತು.

ಕೊನೆಗೆ, ನಮ್ಮನ್ನೇನಾದರೂ ಕೇಳುವುದಿದೆಯೇ ಎಂದು ವಿಚಾರಿಸುವುದು ಸಮೀಕ್ಷೆಯ ರೂಢಿ. ವಿಚಾರಿಸಿದೆ. ಆಕೆ ನನ್ನನ್ನೇ ದಿಟ್ಟಿಸಿ ಮೆಲ್ಲಗೆ ಕೇಳಿದಳು: “ನೀ ಯಾವಾಗ ಬಿಡ್ತಿ, ತಂಗಿ?”

ನನ್ನ ಓದಿನ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ.

ಸಂಜೆ ಅಪ್ಪ ಮತ್ತೆ ಫೀಸಿನ ಮಾತೆತ್ತಿದರು. “ಬಿಡಂಗಿಲ್ಲ” ಎಂದೆ. ನನ್ನ ಬಾಯಿಂದ ಬಂದದ್ದು ಆಕೆಯ ಧ್ವನಿ.