ಮನೆಮಾತು

ಹನ್ನೆರಡನೇ ಕ್ಲಾಸು ಮುಗಿದ ಮೇಲೆ ಕಾಮೋಠೆಯಿಂದ ಅಮ್ಮನ ಜೊತೆ ಠಾಣೆಯ ಒಂದು ಕಾಲೇಜಿಗೆ ಅಡ್ಮಿಷನ್ನಿಗೆ ಹೋಗಿದ್ದೆ. ಕನ್ನಡದವರದೇ ಕಾಲೇಜು; ಮನೆಮಾತು ಕನ್ನಡವಾದರೆ ಅದಕ್ಕೊಂದು ಕೋಟಾ. ಕೌಂಟರಿನವನು ನಮ್ಮ ಅಡ್ಡಹೆಸರು ನೋಡಿ, ತುಳುವಿನಲ್ಲಿ, “ಈರೆನ ಊರು ಓಲು ಅಕ್ಕಾ?” ಎಂದ. ಯಾವೂರು ಎಂದು ಕೇಳಿದ್ದು, ಅಷ್ಟೆ. ಗೇಟಿನಿಂದ ಹಿಂದಿಯಲ್ಲಿ ತಡವರಿಸುತ್ತಾ ಬಂದಿದ್ದ ಅಮ್ಮ ಅರಳಿಹೋದಳು. ಕಾಪುವಿನ ಮನೆ, ತಮ್ಮಂದಿರು, ಎಲ್ಲವನ್ನೂ ತುಳುವಿನಲ್ಲೇ ಹೇಳಿದಳು. ಅವನು ನಗುನಗುತ್ತಲೇ ಕೇಳಿಸಿಕೊಂಡು, ಆಮೇಲೆ ಕನ್ನಡಕ್ಕೆ ಹೊರಳಿ, “ಹಾಗಾದರೆ ನಿಮ್ಮದು ತುಳು. ಕನ್ನಡದ ಕೋಟಾ ಸಿಗಲ್ಲ” ಎಂದ.

ನಮ್ಮ ಬಿಲ್ಡಿಂಗಿನ ಮರಾಠಿಗರಿಗೆ ನಾವು ಹುಟ್ಟಾ ‘ಕಾನಡಿ’ಗಳು. ಇವನೊಬ್ಬನಿಗೆ ಅಲ್ಲ.

ವಾಪಸು ಬರುವಾಗ ಲೋಕಲ್ ಟ್ರೈನಿನಲ್ಲಿ ಅಮ್ಮ, “ಆದರೂ ಎಷ್ಟು ಚೆಂದ ಮಾತಾಡಿಸಿದ. ನಮ್ಮವ” ಎಂದಳು.

ಬೇರೆಯವನಾಗಿದ್ದರೆ ಸೀಟು ಸಿಗುತ್ತಿತ್ತು.